ತೊಳೆದುಹೋದ ನೀರು

ಅಕ್ಕಾ,

ಟೈಪ್ ಮಾಡೋಕೆ ಕೈ ಬರ್ತಿಲ್ಲ, ನಾನು ಹೇಳಿದ್ದನ್ನ ಫೋನೇ ಬರ್ಕೊಳ್ತಿದೆ.

ಅಮ್ಮ ದಿಲ್ಲಿಗೆ, ನನ್ನ ಹೌಜ್ ಖಾಸ್ ಕ್ಯಾಂಪಸ್ಸಿಗೆ ಬಂದಾಗ, "ನನ್ ಮಗನ ಓದಿಗೆ ತಾನೇ, ತಗೊಳ್ಳಿ" ಅಂತ ನಮ್ಮ ಲ್ಯಾಬಿಗೆ ರಕ್ತ ಕೊಟ್ಟಿದ್ಲಲ್ಲ, ಅದರಲ್ಲಿ ಉಳಿದಿದ್ದ ಕೊನೇ ಹನೀನ ಇವತ್ತು, ಕಾಯಿಲೆ ಪತ್ತೆ ಮಾಡೋಕೆ ನಾನು ಮಾಡಿರೋ ಗಾಜಿನ ಚಿಪ್‌ಗೆ ಹಾಕ್ದೆ. ಅದರೊಳಗಿನ ಕೂದಲಿನಷ್ಟು ಸಣ್ಣ ಕಾಲುವೇಲಿ, ಕಾಯಿಲೆಯಿಂದ ಬದಲಾದ ಪ್ರೋಟೀನ್ ಚೂರುಗಳು ಮಾತ್ರ ಅಂಟ್ಕೊಳ್ತವೆ. ಮಿಕ್ಕಿದ್ದು ತೊಳೆದುಹೋಗುತ್ತೆ. ಚಿಪ್ ಕೆಲಸ ಮಾಡ್ತು, ಗೈಡ್ ಮೇಡಂ ಬೆನ್ನು ತಟ್ಟಿದ್ರು.

ಅಂಟಿದ್ದು ಕಾಯಿಲೆ ಅಕ್ಕಾ. ನಮ್ಮಮ್ಮ ಇರೋದು ಆ ತೊಳೆದ ನೀರಲ್ಲೇ ಅನ್ಸಿ, ಚೆಲ್ಲದೆ ಇಟ್ಕೊಂಡಿದ್ದೀನಿ. ಕೆಮಿಕಲ್ ಸೇರಿದೆ, ಅವಳ ಅಸ್ಥಿ ಬಿಟ್ಟ ಹಾಗೆ ಹೊಳೆಗೆ ಬಿಡೋಕಾಗಲ್ಲ. ನಾಳೆ ಲ್ಯಾಬಿನ ವೇಸ್ಟ್ ಕ್ಯಾನ್ ಒಯ್ಯೋ ಭಯ್ಯಾ ಬರ್ತಾರೆ. ಆ ಕ್ಯಾನಿಗೇ ಸುರೀಲಾ? ನೀನು ಹೂಂ ಅಂದ್ರೆ ಮಾತ್ರ ಸುರೀತೀನಿ.

ಅಪ್ಪಂಗೆ ಹೇಳ್ಬೇಡ.

ನಿನ್ನ ತಮ್ಮ,
ಶ್ರೀವತ್ಸ