ಬತ್ತಲೆ ಕೂಸಿಗೆ ಮೈಲಿಗೆಯಿಲ್ಲ

ತಿರುವಲ್ಲಿಕೇಣಿ, ಚೆನ್ನೈ
21-2-2025, ಶುಕ್ರವಾರ

ನನ್ನ ಮುದ್ದಿನ ಶ್ರೀಪ್ರಿಯಾ,

ಪುಣೆಯಲ್ಲಿ ನೀನು, ಗುರುಚರಣ, ನನ್ನ ಬಂಗಾರ ಮಾನ್ಯಾ ಮೂವರೂ ಸೌಖ್ಯವಾಗಿರಲಿ ಎಂದು ರಾಯರನ್ನು ಬೇಡಿಕೊಂಡು ಅಮ್ಮ ಬರೆಯುವ ಕಾಗದ ಇದು. ಫೋನ್ ಇರುವಾಗ ಕಾಗದ ಯಾಕೆ ಎಂದು ಹುಬ್ಬು ಗಂಟಿಕ್ಕಬೇಡ. ಫೋನಿನಲ್ಲಿ ನಿಮ್ಮಪ್ಪನ ಹೆಸರು ತೆಗೆದರೆ ಸಾಕು, ‘ಕುಕ್ಕರ್ ಕೂಗ್ತಿದೆ ಅಮ್ಮಾ’ ಅಂತ ಇಟ್ಟುಬಿಡುತ್ತೀಯ. ಮಾನ್ಯಾಳ ನಾಮಕರಣ ಆದಾಗಿನಿಂದ ಈ ಮೂರು ವರ್ಷದಲ್ಲಿ ನಿಮ್ಮ ಮನೆಯ ಕುಕ್ಕರ್ ಅದೆಷ್ಟು ಕೂಗಿದೆಯೋ ಕಾಣೆ! ಕಾಗದವನ್ನು ಹಾಗೆ ಕಟ್ ಮಾಡಲು ಬರುವುದಿಲ್ಲ. ಹರಿದುಹಾಕಬಹುದು, ಆದರೆ ಹರಿಯುವ ಮುಂಚೆ ನೀನು ಓದೇ ಓದುತ್ತೀಯ. ಹೆತ್ತವಳಿಗೆ ಅಷ್ಟೂ ಗೊತ್ತಿಲ್ಲವೆ?

ಹೋದ ತಿಂಗಳು, ಮಾನ್ಯಾಗೆ ಆಟಿಸಂ ಎಂದು ಡಾಕ್ಟರು ಹೇಳಿದ ದಿನ ಅಳುತ್ತಾ ಫೋನ್ ಮಾಡಿದ್ದೆಯಲ್ಲ. ಕೆನ್ನೆ ಸವರಿದರೂ ಕಿರುಚುತ್ತಾಳೆ, ನನ್ನ ಮಗು ನನ್ನನ್ನೇ ತಳ್ಳುತ್ತದೆ ಎಂದೆ. ಹಾಸಿಗೆಗೂ ಗೋಡೆಗೂ ನಡುವೆ ತಾನೇ ಹೋಗಿ ತೂರಿಕೊಂಡು ಮಲಗುತ್ತಾಳೆ ಎಂದೆ. ಆಮೇಲೆ ಒಂದು ಪ್ರಶ್ನೆ ಕೇಳಿದೆ, ನಮ್ಮ ಮನೆಯ ಕಡೆ ಯಾರಾದರೂ ಹೀಗಿದ್ದರಾ, ಡಾಕ್ಟರಿಗೆ ಹೇಳಬೇಕು ಎಂದು. ನಿಮ್ಮತ್ತೆಯೂ ಅದನ್ನೇ ಇನ್ನೊಂದು ರಾಗದಲ್ಲಿ ಕೇಳುತ್ತಿದ್ದಾರೆ ಅಂತಲೂ ಸೇರಿಸಿದೆ. ನಾನು ಹಿಂದೆಮುಂದೆ ನೋಡದೆ, ನಮ್ಮ ವಂಶದಲ್ಲಿ ಯಾರೂ ಇಲ್ಲ ಎಂದುಬಿಟ್ಟೆ. ಆ ಮಾತನ್ನು ವಾಪಸು ತೆಗೆದುಕೊಳ್ಳುವುದಕ್ಕೇ ಇವತ್ತು ಪೆನ್ನು ಹಿಡಿದಿದ್ದೇನೆ.

ನಮ್ಮ ಮೇಲಿನ ಮನೆಗೆ ವಂದನಾ ಎಂಬ ಹುಡುಗಿ ಬಾಡಿಗೆಗೆ ಬಂದಿದ್ದಾಳೆ. ಉಡುಪಿ ಕಡೆಯವರು. ತಾತ ಇಲ್ಲಿಗೆ ಬಂದು ಹೋಟೆಲ್ ಇಟ್ಟವರಂತೆ, ಈಗ ಹುಡುಗಿಯ ಕನ್ನಡದಲ್ಲಿ ಅರ್ಧ ತಮಿಳೇ. ಎಗ್ಮೋರಿನ ಹತ್ತಿರ ಒಂದು ಸಂಶೋಧನಾ ಕೇಂದ್ರದಲ್ಲಿ ಕೆಲಸ ಮಾಡುತ್ತಾಳೆ. ಆಟಿಸಂ ಇರುವ ಮಕ್ಕಳನ್ನಷ್ಟೇ ಅಲ್ಲ, ದೊಡ್ಡವರನ್ನೂ ಮುದುಕರನ್ನೂ ಮಾತಾಡಿಸಿ, ಅವರು ಬದುಕಿದ್ದು ಹೇಗೆ ಎಂದು ತಿಳಿಯುವ ಕೆಲಸ. ಹಿಂದಿನ ಕಾಲದಲ್ಲಿ ಇದಕ್ಕೆ ಹೆಸರು ಹೇಳುವವರು ಯಾರಿದ್ದರು? ಎಷ್ಟೋ ಜನ ಯಾರಿಗೂ ಗೊತ್ತಾಗದೆ, ತಮಗೂ ಗೊತ್ತಾಗದೆ ವಯಸ್ಸಾಗಿಬಿಟ್ಟಿದ್ದಾರೆ ಎಂದಳು. ಮಾನ್ಯಾ ವಿಷಯ ಹೇಳಿ ಕಣ್ಣೀರು ಹಾಕಿದ್ದಕ್ಕೆ, ಒಂದು ದಿನ ನಮ್ಮ ಕೇಂದ್ರಕ್ಕೆ ಬಂದು ನಿಮ್ಮ ಮನೆತನದ ಸಂಗತಿ ಹೇಳಿ ಎಂದು ಕರೆದಳು. ಮೊಮ್ಮಗಳಿಗೆ ಉಪಯೋಗವಾದೀತು ಎಂದು ಹೋದೆ.

ಫ್ಯಾನಿನ ಕೆಳಗೆ ಕೂರಿಸಿ, ನೀರು ಕೊಟ್ಟು, ‘ಮೆದುವಾ ಹೇಳಿ ಮಾಮಿ, ಅವಸರ ಇಲ್ಲ’ ಎಂದಳು. ನನಗೆ ಮಾತಾಡಲು ಯಾರಾದರೂ ಸಿಕ್ಕರೆ ಬಿಡುತ್ತೇನೆಯೆ? ನಮ್ಮ ಯಜಮಾನರು ವಿಷ್ಣುತೀರ್ಥಾಚಾರ್ಯರು, ವಿಮಾ ಕಂಪನಿಯಲ್ಲಿದ್ದು ರಿಟೈರಾದವರು, ಈ ಬೀದಿಯಲ್ಲೇ ಅಂಥ ಮಡಿವಂತರಿಲ್ಲ ಎಂದು ಶುರು ಮಾಡಿದೆ. ಅವರ ತಟ್ಟೆ, ಲೋಟ, ಮಣೆ ಬೇರೆ. ಒಂದೇ ಸಾರು, ಒಂದೇ ಹೊತ್ತಿಗೆ. ಮಠದಿಂದ ಬಂದವರೂ ಇವರಿಗೆ ದೂರದಿಂದಲೇ ಕೈ ಮುಗಿಯುತ್ತಾರೆ. ಮಿಕ್ಸಿಯಲ್ಲಿ ರುಬ್ಬಿದ್ದು ಮಡಿಗೆ ಆಗುವುದಿಲ್ಲ ಎಂದವರು, ಅದಕ್ಕೆ ಇವತ್ತಿಗೂ ಒರಳಿನಲ್ಲೇ ರುಬ್ಬುತ್ತೇನೆ ಎಂದು ಮೊಣಕೈ ತೋರಿಸಿದೆ. ನನಗೆ ಹೆಮ್ಮೆಯೋ ಹೆಮ್ಮೆ.

ಪಾಪ, ಮಡಿ ಎಂದರೆ ಏನೇನು ಎಂದು ಹುಡುಗಿ ಕೇಳಿದಳು. ನಾನು ಪಾಠ ಹೇಳುವವಳ ಹಾಗೆ ಹೇಳಿದೆ. ಮಡಿಯಲ್ಲಿದ್ದವರನ್ನು ಯಾರೂ ಮುಟ್ಟುವಂತಿಲ್ಲ. ಆದರೆ ನಮ್ಮ ಹಿರಿಯರೇನು ಕಟುಕರಲ್ಲಮ್ಮಾ, ಮಕ್ಕಳಿಗೆ ದಾರಿ ಮಾಡಿಟ್ಟಿದ್ದಾರೆ, ಬತ್ತಲೆ ಕೂಸಿಗೆ ಮೈಲಿಗೆಯಿಲ್ಲ, ಪಟ್ಟೆ, ಅಂದರೆ ರೇಷ್ಮೆ, ಉಡಿಸಿದ ಕೂಸಿಗೂ ಮೈಲಿಗೆಯಿಲ್ಲ, ಎಂಥ ಮಡಿಯಲ್ಲಿದ್ದರೂ ಎತ್ತಿಕೊಳ್ಳಬಹುದು ಎಂದೆ. ನಮ್ಮ ಮಾವನವರು ಪೂಜೆಗೆ ಕೂತಲ್ಲಿಂದಲೇ, ಶ್ರೀಪ್ರಿಯಾಳ ಲಂಗೋಟಿ ಬಿಚ್ಚಿ ಕಳಿಸಮ್ಮಾ ಎಂದು ಕರೆದು ತೊಡೆಯ ಮೇಲೆ ಕೂರಿಸಿಕೊಳ್ಳುತ್ತಿದ್ದರು ಎಂದೂ ಹೇಳಿದೆ.

ಹೇಳಿದವಳು ಅಲ್ಲೇ ನಿಂತೆ. ನಿಮ್ಮಪ್ಪ ನೆನಪಾದರು ಕಣೆ.

ಎಣ್ಣೆ ನೀರು ಹಾಕಿ ನಿನ್ನನ್ನು ಬರೀ ಮೈಯಲ್ಲಿ ತಂದು ಇವರ ಮುಂದೆ ಹಿಡಿದಾಗಲೆಲ್ಲ ‘ನಾನು ಮಡಿ’ ಎಂದು ಹಿಂದೆ ಸರಿಯುತ್ತಿದ್ದರು. ಮಾನ್ಯಾಳ ನಾಮಕರಣಕ್ಕೆ ನಾನು ಪಟ್ಟೆ ಲಂಗ ಹೊಲಿಸಿದ್ದು ಯಾಕೆ? ಅಜ್ಜನ ಮಡಿಗೆ ಅಡ್ಡಿಯಾಗಬಾರದು ಅಂತಲೇ. ನೀನು ಅವರ ತೊಡೆಯ ಮೇಲೆ ಇಡಲು ಹೋದೆ, ಅವರು ಸಟಕ್ಕನೆ ಕೈ ಎಳೆದುಕೊಂಡರು, ಗುರುಚರಣ ಹಿಡಿಯದಿದ್ದರೆ ಕೂಸು ಕೆಳಗೆ ಬೀಳುತ್ತಿತ್ತು. ಆಗಲೂ ‘ನಾನು ಮಡಿ’ ಎಂದೇ ದೇವರ ಮನೆಗೆ ಹೋಗಿ ಕದ ಹಾಕಿಕೊಂಡರು. ಇನ್ನು ಈ ಹೊಸಿಲು ತುಳಿಯುವುದಿಲ್ಲ ಎಂದು ನೀನು ಅವತ್ತೇ ಪೆಟ್ಟಿಗೆ ಕಟ್ಟಿದೆ. ಪಟ್ಟೆ ಉಟ್ಟ ಕೂಸನ್ನು ಬೇಡ ಎನ್ನಲು ಯಾವ ಮಡಿ ಹೇಳುತ್ತದೆ? ಹುಟ್ಟಿದಾಗಿನಿಂದ ಮಡಿಯಲ್ಲೇ ಬೆಳೆದ ನನಗೆ ಈ ಲೆಕ್ಕ ಹೊಳೆಯಲಿಲ್ಲವಲ್ಲ, ರಾಮ ರಾಮಾ!

ಅಷ್ಟರಲ್ಲಿ ವಂದನಾ ಮೆಲ್ಲಗೆ, ಮಾಮಾಗೆ ಮಡಿ ಇಲ್ಲದ ಹೊತ್ತಿನಲ್ಲಿ ಮುಟ್ಟಿದರೆ ಹೇಗೆ ಎಂದು ಕೇಳಿದಳು. ಮಡಿ ಇಲ್ಲದ ಹೊತ್ತೇ ಇಲ್ಲಮ್ಮಾ ಎಂದೆ. (‘ಮತ್ತೆ ನಾನು ಹೇಗೆ ಹುಟ್ಟಿದೆ’ ಎಂದು ನೀನು ಕೇಳಬೇಡ. ಮುಂಚೆ ಹೇಳಿದರೆ ಅವರಿಗೆ ಆಗುತ್ತದೆ. ಹೇಳದೆ ಮುಟ್ಟಿದರೆ ಆಗುವುದಿಲ್ಲ. ಅಷ್ಟು ಮಾತ್ರ ನನಗೆ ಗೊತ್ತಿತ್ತು, ಯಾಕೆ ಎಂದು ಕೇಳಿರಲಿಲ್ಲ.)

ಮನೆಗೆ ಬಂದು ಅವರ ಊಟ ಮುಗಿಯುವವರೆಗೆ ಕಾದೆ. ಒಣಗಿದ ಪಂಚೆ ಮಡಿಸುತ್ತಿದ್ದರು. ವಂದನಾ ಹೇಳಿದಳು, ಮುಟ್ಟಿದರೆ ಮೈ ಉರಿಯುವಂಥ ಜನ ಲೋಕದಲ್ಲಿ ಇದ್ದಾರಂತೆ, ಹುಟ್ಟಿನಿಂದಲೇ ಹಾಗಂತೆ, ಸೊಕ್ಕೂ ಅಲ್ಲವಂತೆ ಕಾಯಿಲೆಯೂ ಅಲ್ಲವಂತೆ, ನಮ್ಮ ಮಾನ್ಯಾಗೂ ಹಾಗೇ ಅಂತೆ ಎಂದೆ. ಪಂಚೆ ಕೈಯಲ್ಲೇ ಉಳಿಯಿತು. ಹಾಗೇ ಹಿಡಿದುಕೊಂಡು ಕೇಳಿದರು.

‘ಅಂಥವರು ಬೇರೆ ಇದ್ದಾರಾ?’

ಇದ್ದಾರೆ, ಬೇಕಾದಷ್ಟು ಜನ ಎಂದೆ. ‘ನಾನೊಬ್ಬನೇ ಅಂದ್ಕೊಂಡಿದ್ದೆ’ ಎಂದರು. ಶ್ರೀಪ್ರಿಯಾ, ಅರವತ್ತೆಂಟು ವರ್ಷದ ಮನುಷ್ಯ ಕಣೆ.

ಮುಂದಿನ ವಾರ ವಂದನಾಳ ಕೇಂದ್ರಕ್ಕೆ ಅವರೇ ಹೊರಟರು, ಜೊತೆಗೆ ನಾನು. ಆಟೋದವನು ರಸ್ತೆಯ ಆಚೆ ಕಡೆ ಇಳಿಸಿಹೋದ. ಎಗ್ಮೋರ್ ಸ್ಟೇಷನ್ನಿನ ಆ ಗಲಾಟೆ ನಿನಗೆ ಗೊತ್ತಲ್ಲ, ಬಸ್ಸು, ಹಾರ್ನು, ಪೋರ್ಟರುಗಳು. ಇವರು ಕಣ್ಣು ಬಿಗಿಯಾಗಿ ಮುಚ್ಚಿ ನಿಂತುಬಿಟ್ಟರು. ವಾಪಸು ಹೋಗೋಣವೇ ಎಂದು ನಾನು ಕೇಳುವಷ್ಟರಲ್ಲಿ ಹಿಂದಿನಿಂದ ಏನೋ ಎಳೆದ ಹಾಗಾಯಿತು. ನೋಡುತ್ತೇನೆ, ನನ್ನ ಸೆರಗಿನ ತುದಿಯನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದಾರೆ! ಬೀದಿಯಲ್ಲಿ, ಅಷ್ಟು ಜನರ ಎದುರಿಗೆ! ಹಾಗೇ ರಸ್ತೆ ದಾಟಿಸಿದೆ. ದಾಟಿದ ಮೇಲೂ ನಾನಾಗಿ ಬಿಡಿಸಿಕೊಳ್ಳಲಿಲ್ಲ.

ಒಳಗೆ ವಂದನಾಳ ಮುಖ ನೋಡದೆ ಕಿಟಕಿ ನೋಡುತ್ತಾ ಮಾತಾಡಿದರು. ಇಷ್ಟು ವರ್ಷ ನನಗೆ ಬೇಕು ಬೇಡ ಎಂದಷ್ಟೇ ಹೇಳಿದ ಬಾಯಿ, ಅವತ್ತು ನಿಲ್ಲಲೇ ಇಲ್ಲ. ಯಾರಾದರೂ ಮೆತ್ತಗೆ ಮುಟ್ಟಿದರೆ ಆ ಜಾಗ ಸಂಜೆಯವರೆಗೂ ಉರಿಯುತ್ತದಂತೆ. ಹೊಸ ಬಟ್ಟೆ ಚುಚ್ಚುತ್ತದಂತೆ, ಒಗೆದೊಗೆದು ಸವೆದ ಪಂಚೆಯೇ ಆಗಬೇಕಂತೆ. ಮಿಕ್ಸಿ ಶಬ್ದಕ್ಕೆ ಹಲ್ಲು ಕಿತ್ತ ಹಾಗಾಗುತ್ತದಂತೆ. ಅಲ್ಲಾ, ಶಬ್ದ ತಡೆಯಲಾರೆ ಎಂದು ಒಂದು ಮಾತು ಹೇಳಿದ್ದರೆ ಮಿಕ್ಸಿಯನ್ನು ತಾರಸಿಗೆ ಒಯ್ದು ರುಬ್ಬಿಕೊಂಡು ಬರುತ್ತಿರಲಿಲ್ಲವೆ ನಾನು? ಅಲ್ಲೇ ಬೈದೆ. ವಂದನಾ ನಕ್ಕಳು, ಅವರೂ ಕಿಟಕಿಯ ಕಡೆ ಮುಖ ಮಾಡಿಯೇ ನಕ್ಕರು.

ಹಾಗಾದರೆ ಮಡಿ ಬರೀ ನೆಪವಾ ಎಂದೂ ಕೇಳಿದೆ, ಕೋಪ ಇಳಿದಿರಲಿಲ್ಲ. ‘ನೆಪ ಅಲ್ಲ. ದೇವರು ದೇವರೇ. ಮಡಿಯಲ್ಲಿದ್ರೆ ಯಾರೂ ಮುಟ್ತಿರ್ಲಿಲ್ಲ, ಯಾಕೆ ಅಂತ ಕೇಳ್ತಿರ್ಲಿಲ್ಲ. ನೆಮ್ಮದಿಯಾಗಿತ್ತು’ ಎಂದರು. ನಾಮಕರಣದ ದಿನದ್ದನ್ನೂ ಅವರೇ ತೆಗೆದರು. ಜನ, ವಾದ್ಯ, ಹೋಮದ ಹೊಗೆ ಎಲ್ಲ ಸೇರಿ, ಕೈ ತಮ್ಮ ಮಾತು ಕೇಳಲಿಲ್ಲವಂತೆ. ಕೂಸು ಬಿದ್ದುಬಿಡುತ್ತಿತ್ತಲ್ಲ ಎಂದು ಈಗಲೂ ಪೂಜೆಯ ನಡುವೆ ಮಂತ್ರ ತಪ್ಪುತ್ತದಂತೆ.

ನೀನು ಕೂಸಾಗಿದ್ದಾಗ ತೊಟ್ಟಿಲಿಗೆ ಒಂದು ಉದ್ದನೆಯ ಹಗ್ಗ ಕಟ್ಟಿ, ಪಡಸಾಲೆಯ ಆ ಮೂಲೆಯಲ್ಲಿ ಕೂತು, ನೀನು ಮಲಗುವವರೆಗೂ ಎಳೆಯುತ್ತಲೇ ಇರುತ್ತಿದ್ದರು. ಆಫೀಸಿನಿಂದ ಬಂದವರು ಕಾಫಿಯನ್ನೂ ಕೇಳದೆ ಹಗ್ಗ ಹಿಡಿಯುತ್ತಿದ್ದರು. ಎತ್ತಿಕೊಳ್ಳಲು ಬೇಸರ, ಗಂಡಸರ ಸೋಮಾರಿತನ ಎಂದು ನಾನು ಗೊಣಗುತ್ತಿದ್ದೆ. ಒಂದು ದಿನವೂ ಮಗಳನ್ನು ಎತ್ತಿಕೊಂಡವರಲ್ಲ ಎಂದು ವಂದನಾಗೂ ಹೇಳಿದೆ. ಇವರು ಅದಕ್ಕೆ ಸುಮ್ಮನೆ, ಹಗ್ಗದ ತುದಿಯಲ್ಲಿ ಕೂಸಿನ ಭಾರ ಗೊತ್ತಾಗುತ್ತಿತ್ತು, ದಿನದಿನಕ್ಕೆ ಹೆಚ್ಚುತ್ತಿತ್ತು ಎಂದರು. ನಾನು ಎದ್ದು ಹೊರಗೆ ಹೋಗಿ ಅತ್ತುಬಿಟ್ಟು ಬಂದೆ.

ಈಗ ನೀನು ಗಮನವಿಟ್ಟು ಓದಬೇಕಾದ ಮಾತು. ಮಾನ್ಯಾಳ ಕೆನ್ನೆ ಸವರಿದರೆ ಕಿರುಚುತ್ತಾಳಂತೆ ಎಂದು ನಾನು ಹೇಳಿದ್ದೇ ತಡ, ಇವರಿಗೆ ಸಿಟ್ಟು ಬಂತು. ‘ಯಾಕೆ ಸವರ್ತಾರೆ? ಸವರಬಾರದು! ಮುಟ್ತೀನಿ ಅಂತ ಮುಂಚೆ ಹೇಳಬೇಕು. ಬೇಕು ಅಂದ್ರೆ ಗಟ್ಟಿಯಾಗಿ ಹಿಡೀಬೇಕು. ಮೆತ್ತಗಿದ್ದಷ್ಟೂ ಉರೀತದೆ. ಮಗು ಗೋಡೆ ಹತ್ರ ತೂರಿಕೊಳ್ಳೋದು ಅದಕ್ಕೇ’ ಎಂದರು. ಎಲ್ಲರಿಗೂ ಒಂದೇ ಥರ ಇರುವುದಿಲ್ಲ, ಆದರೆ ಎಷ್ಟೋ ಜನ ಹೀಗೇ ಹೇಳುತ್ತಾರೆ, ಮಾನ್ಯಾ ಒಪ್ಪಿದರೆ ಮಾಡಿ ನೋಡಲಿ ಎಂದಳು ವಂದನಾ. ಇವರಿಗೂ ಆಟಿಸಂ ಎಂದು ಒಂದೇ ದಿನಕ್ಕೆ ಹೇಳಲಾಗುವುದಿಲ್ಲವಂತೆ, ಇನ್ನೂ ಕೆಲವು ಸಲ ಹೋಗಬೇಕು. ಹೋಗೋಣ ಎಂದು ಇವರೇ ಹೇಳಿದ್ದಾರೆ.

ನಾನು ಎಂಥೆಂಥ ಕ್ಷೇತ್ರಗಳಿಗೆ ಹೋಗಿ ಬಂದವಳು, ಬೃಂದಾವನದ ಮುಂದೆ ಕಣ್ಣೀರು ಸುರಿಸಿದವಳು. ನನ್ನ ಅಡಿಗೆ ಉಣ್ಣುತ್ತಿದ್ದ ಮನುಷ್ಯನೊಳಗೆ ಇಷ್ಟು ದೊಡ್ಡ ಲೋಕ ಇತ್ತು ಎಂದು ತಿಳಿದಾಗ ಆದಷ್ಟು ಬೆರಗು ನನಗೆ ಎಲ್ಲೂ ಆಗಿರಲಿಲ್ಲ. ಈಗ ಅವರು ಪಂಚೆ ಮಡಿಸುವುದನ್ನೂ ನಿಂತು ನೋಡುತ್ತೇನೆ. ಹೋಗು, ಒಲೆ ನೋಡು ಎನ್ನುತ್ತಾರೆ.

ಯುಗಾದಿಗೆ ಮಾನ್ಯಾಳನ್ನು ಕರೆದುಕೊಂಡು ಬಾ. ಅಪ್ಪನನ್ನು ಕ್ಷಮಿಸು ಅಂತ ನಾನು ಬರೆಯುವುದಿಲ್ಲ, ಅದು ನಿನಗೆ ಬಿಟ್ಟದ್ದು. ಆದರೆ ನಿನ್ನ ಮಗಳಿಗೆ ಏನಾಗುತ್ತದೆ ಎಂದು ಅವಳ ಬಾಯಿಂದ ಬಾರದ ಮಾತನ್ನು ಹೇಳಬಲ್ಲವರು ಈ ಮನೆಯಲ್ಲಿ ಒಬ್ಬರಿದ್ದಾರೆ. ಯೋಚಿಸಿದರೆ ಈ ಮನೆಯೇ ಅವಳಿಗೆ ಹೇಳಿ ಮಾಡಿಸಿದ ಹಾಗಿದೆ. ಮಿಕ್ಸಿ ಸದ್ದಿಲ್ಲ, ಹೇಳದೆ ಮುಟ್ಟುವವರಿಲ್ಲ, ಒಂದೇ ಸಾರು, ಒಂದೇ ಹೊತ್ತಿಗೆ. ನಿಮ್ಮತ್ತೆ ಇನ್ನೊಮ್ಮೆ ಯಾರ ಕಡೆಯಿಂದ ಬಂತು ಎಂದು ಕೇಳಿದರೆ, ನಮ್ಮ ಅಪ್ಪನ ಕಡೆಯಿಂದ ಅಂತ ತಲೆಯೆತ್ತಿ ಹೇಳು.

ಮಾನ್ಯಾಗೆ ದೂರದಿಂದಲೇ, ಮುಂಚೆ ಹೇಳಿ, ಒಂದು ಮುತ್ತು.

ದಾರಿ ಕಾಯುವ ನಿನ್ನ ಅಮ್ಮ,
ಅಮ್ಮಣ್ಣಿ

ಮರೆತ ಮಾತು: ಅಂಟಿಸುವ ಮುಂಚೆ ಇದನ್ನು ಅವರಿಗೆ ಓದಿ ಹೇಳಿದೆ. ಎಲ್ಲ ಕೇಳಿ, ಒಂದು ಕಡೆ ತಪ್ಪಿದೆ ಎಂದರು. ಒಂದು ದಿನವೂ ಎತ್ತಿಕೊಳ್ಳಲಿಲ್ಲ ಎಂದು ಬರೆದೆನಲ್ಲ, ಅದು. ನಾನು ಕೆಳಗೆ ನೀರಿನ ಲಾರಿಯ ಕ್ಯೂನಲ್ಲಿ ನಿಂತಿದ್ದ ಒಂದು ಬೆಳಿಗ್ಗೆ ನೀನು ಅತ್ತು ಅತ್ತು ಉಸಿರು ಕಟ್ಟಿದೆಯಂತೆ. ಹಗ್ಗ ಎಳೆದರೂ ನಿಲ್ಲಲಿಲ್ಲವಂತೆ. ಎತ್ತಿ ಎದೆಗೆ ಒತ್ತಿಕೊಂಡು, ಮೆಟ್ಟಿಲ ಮೇಲೆ ನನ್ನ ಕೊಡದ ಸದ್ದು ಕೇಳುವವರೆಗೂ ಹಾಗೇ ನಿಂತಿದ್ದು, ಆಮೇಲೆ ತೊಟ್ಟಿಲಲ್ಲಿ ಮಲಗಿಸಿದರಂತೆ. ಉರಿಯಲಿಲ್ಲವೇ ಎಂದು ಕೇಳಿದೆ.

‘ಉರೀತು. ಬಿಡಲಿಲ್ಲ. ಅದನ್ನೂ ಅವಳಿಗೆ ಬರಿ’ ಎಂದರು.