ಅಮ್ಮನ ಹಿತ್ತಾಳೆ ಅಂಗುಸ್ತಾನ

ಜುಲ್ಹುಮೋರ್,

ಸೋಬಿರಾ ಮನೆ ಮದುವೆ ಅಡುಗೆಗೆ ಹೊರಟೆ. ನೀನು ಅಡುಗೆಮನೇಲಿ ತಟ್ಟೆ ನುಡಿಸ್ತಾ ಇದ್ದೆ, ಕೂಗೋಕೆ ಬಾಯಿ ಬರಲಿಲ್ಲ. ಅದಕ್ಕೇ ಈ ಚೀಟಿ.

ತಂದೂರಿನ ರೊಟ್ಟಿಯೆಲ್ಲ ಸೀದುಹೋಗಿದೆ. ತಪ್ಪು ನಂದೇ, ಹಿಟ್ಟಿನ ಕೈಯಲ್ಲೇ ಬಾಗಿಲ ಹಿಂದೆ ನಿಂತುಬಿಟ್ಟಿದ್ದೆ. ರೊಟ್ಟಿ ಅದು, ತಿಪ್ಪೆಗೆ ಹಾಕಬೇಡ, ಕುರಿಗೆ ಹಾಕು.

ನೀನು ಸೊಸೆಯಾಗಿ ಬಂದಾಗಿನಿಂದ "ತಟ್ಟೆ ಕುಟ್ಟಬೇಡ್ವೇ, ಒಡೆದುಹಾಕ್ತೀಯ" ಅಂತ ಬೈದವಳು ನಾನೇ. ಒಂದು ದಿನವೂ ನಿಂತು ಕೇಳಿರಲಿಲ್ಲ. ಇವತ್ತು ಕೇಳಿದೆ. ಚಹಾ ತಟ್ಟೆ ಮೇಲೆ ನಿನ್ನ ಬೆರಳು, ಕುದಿಯೋ ಕೆಟಲಿನ ಮುಚ್ಚಳ, ತೊಟ್ಟಿಕ್ಕೋ ನಲ್ಲಿ, ಮೂರೂ ಒಂದೇ ತಾಳಕ್ಕೆ ಕಣೇ! ನಮ್ಮಮ್ಮ ಹೋದ ಮೇಲೆ ಇಡೀ ಮಾರ್ಗಿಲಾನ ಊರಲ್ಲಿ ಯಾರ ಕೈಯಲ್ಲೂ ಆ ನಡೆ ಕೇಳಿರಲಿಲ್ಲ.

ಹೊಲಿಗೆ ಡಬ್ಬಿಯ ತಳದಲ್ಲಿ ಅಮ್ಮನ ಹಿತ್ತಾಳೆ ಅಂಗುಸ್ತಾನ ಎರಡಿವೆ, ಹೊಲಿಯುವಾಗ ಬೆರಳ ತುದಿಗೆ ಹಾಕೋ ಟೋಪಿ; ಅಮ್ಮ ಅವನ್ನೇ ಹಾಕ್ಕೊಂಡು ತಟ್ಟೆ ನುಡಿಸ್ತಿದ್ದಳು. ನನ್ನ ಬೆರಳಲ್ಲಿ ಅವು ಬರೀ ಸದ್ದು ಮಾಡಿದವು, ಹಾಡಲಿಲ್ಲ. ನೀನು ಹಾಕ್ಕೋ. ನೀಲಿ ತಟ್ಟೆ ತಗೊಂಡು ನಾಲ್ಕು ಗಂಟೆಗೆ ಮದುವೆ ಮನೆಗೆ, ಹೆಂಗಸರ ಹಾಡಿಗೆ ಬಾ. ನನ್ನ ಪಕ್ಕದಲ್ಲೇ ಕೂತು ನುಡಿಸು.

ನಲ್ಲಿ ರಿಪೇರಿಯವನನ್ನ ಹತ್ತು ಗಂಟೆಗೆ ಬರಹೇಳಿದ್ದೆ. ಬಂದರೆ ವಾಪಸ್ ಕಳಿಸು. ನಮ್ಮ ನಲ್ಲಿ ಸರಿಯಾಗೇ ಇದೆ ಅಂತ ಹೇಳು.

ನಿನ್ನ ಅತ್ತೆ