ಅಣಬೆಯ ಜಾಗ ಹೇಳಿಕೊಟ್ಟ ಫೋಟೋ

ಜುಲೈ ೧೨, ಶನಿವಾರ

ಅಣಬೆ ಏಳುವ ಆ ಹುತ್ತದ ಜಾಗವನ್ನು ನಾನು ಗಂಡನಿಗೂ ಹೇಳಿರಲಿಲ್ಲ. ಇವತ್ತು ಬುಟ್ಟಿ ಹಿಡಿದು ಹೋದರೆ, ಪಕ್ಕದ ಮನೆಯ ಓರಗಿತ್ತಿ ಶಶಿಕಲಾ ಆಗಲೇ ಎಲ್ಲ ಕಿತ್ತು ಸೆರಗಿಗೆ ತುಂಬಿಕೊಂಡಿದ್ದಾಳೆ! "ಅಕ್ಕಾ, ನೀವೂ ಇಲ್ಲಿಗೇ ಬರ್ತೀರಾ?" ಅಂತೆ. ಕಳ್ಳಿ.

ಅವಳಿಗೆ ಹೇಗೆ ಗೊತ್ತಾಯಿತೆಂದು ಮಗಳು ಸಿಂಚನಾಳನ್ನು ಕೇಳಿದೆ.

"ಮನೆಯವರೆಲ್ಲ ನೋಡೋ ಆಲ್ಬಮ್ಮಿಗೆ ಹೋದ ವರ್ಷ ಅಣಬೆ ಫೋಟೋ ಹಾಕಿದ್ಯಲ್ಲಮ್ಮಾ? ಲೊಕೇಶನ್ ಆನ್ ಇತ್ತು. ಫೋಟೋ ಒತ್ತಿದ್ರೆ ಮ್ಯಾಪೇ ಬರುತ್ತೆ."

ನಾನು ಬಾಯಿಬಿಟ್ಟಿರಲಿಲ್ಲ, ಫೋನೇ ಬಿಟ್ಟಿತ್ತು. ಕ್ಯಾಮೆರಾ ಸೆಟ್ಟಿಂಗಿನಲ್ಲಿ ಅದನ್ನು ಆಫ್ ಮಾಡಿಸಿದೆ. ಹೊಟ್ಟೆಯುರಿ ಮಾತ್ರ ಆರಲಿಲ್ಲ. ಶಶಿಕಲಾ ಹಾಕಿದ್ದ ಫೋಟೋಗಳನ್ನೂ ಒಂದೊಂದಾಗಿ ಒತ್ತುತ್ತಾ ಹೋದೆ. ಬೇಸಿಗೆಯಲ್ಲಿ "ನಾನೇ ಕೈಯಾರೆ ಒತ್ತಿದ್ದು" ಎಂದು ನಮಗೆಲ್ಲ ಹಂಚಿದ್ದಳಲ್ಲ ಹಲಸಿನ ಹಪ್ಪಳ, ಅದರ ಫೋಟೋ ಸಿಕ್ಕಿತು. ಮ್ಯಾಪು ತೋರಿಸಿದ್ದು ಅವಳ ಮನೆಯನ್ನಲ್ಲ, ಸಾಗರ ಪೇಟೆಯ ಹಪ್ಪಳದ ಅಂಗಡಿಯನ್ನು!

"ಚಿಕ್ಕಮ್ಮಂಗೂ ಆಫ್ ಮಾಡೋದು ಹೇಳಿಕೊಡ್ಲಾ?" ಎಂದಳು ಸಿಂಚನಾ.

ಬೇಡವೇ ಬೇಡ ಎಂದೆ. ಪಾಪ, ಅವಳಿಗೆ ಯಾಕೆ ತೊಂದರೆ. ನಾಳೆ ಅವರ ಮನೆಯಲ್ಲೇ ನಮ್ಮೆಲ್ಲರ ಊಟ. ಹಪ್ಪಳ ಬಡಿಸಲು ಬರಲಿ, ಎಲ್ಲರೆದುರಿಗೇ ಕೇಳುತ್ತೇನೆ: ಶಶೀ, ಹಲಸಿನ ತೊಳೆ ಎಷ್ಟು ಹೊತ್ತು ಕುಟ್ಟಿದೆ ಮಾರಾಯ್ತಿ?